ಕಥೆ ಬೇಡ ಅಂದ್ರೆ ಓದೇ ಬೇಡ ಅಂತಲ್ಲ

ಗೊಟಗೋಡಿಯ ತಾಯಿಗೆ,

ಐದನೇ ತರಗತಿಯ ಮಗ ಕಥೆ ಪುಸ್ತಕ ಮುಟ್ಟುವುದಿಲ್ಲ, ಆದರೆ ಟ್ರ್ಯಾಕ್ಟರ್ ಹೇಗೆ ಓಡುತ್ತದೆ, ಇರುವೆಗೆ ದಾರಿ ಹೇಗೆ ಗೊತ್ತು ಎಂದು ದಿನವಿಡೀ ಕೇಳುತ್ತಾನೆ ಎಂದು ಬರೆದಿದ್ದೀರಿ. ಚಿಂತೆ ಬಿಡಿ. ಅವನಿಗೆ ಓದಿನ ಹಸಿವಿದೆ, ನೀವು ಬಡಿಸಿದ ಊಟ ಮಾತ್ರ ಬೇರೆ.

ಇಂಥ ಮಕ್ಕಳಿಗಾಗಿಯೇ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ನಿರಂಜನರು ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಸಂಪಾದಿಸಿದರು. ಅವು ಹಳೆಯವು, ವಿಜ್ಞಾನದ ಮಾಹಿತಿಗೆ ಹೊಸ ಪುಸ್ತಕವೇ ಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಿಕದ ಹಳೆ ಸಂಚಿಕೆ ಸಿಕ್ಕರೂ ಬಿಡಬೇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ಮೊದಲು ಅಲ್ಲಿ ವಿಚಾರಿಸಿ.

ಆರಿಸುವಾಗ ನಡುವಿನ ಒಂದು ಪುಟ ತೆರೆದು ಅವನ ಕೈಗೇ ಕೊಡಿ. ಚಿತ್ರದ ಮೇಲೆ ಬೆರಳಿಟ್ಟು ‘ಇದೇನು?’ ಎಂದರೆ ತಂದುಬಿಡಿ. ಸಾಲಿಗೆ ನಾಲ್ಕು ಕಠಿಣ ಪದಗಳಿದ್ದರೆ ಪುಸ್ತಕ ಎಷ್ಟೇ ಒಳ್ಳೆಯದಿರಲಿ, ಈಗ ಬೇಡ.

ಇನ್ನೊಂದು ಭಾಗ್ಯ ನಿಮ್ಮೂರಿಗಿದೆ. ಅಲ್ಲಿನ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕೆಲ್ಲ ಶಿಲ್ಪವಾಗಿ ನಿಂತಿದೆ. ಅವನನ್ನು ಕರೆದೊಯ್ದು ಒಂದೇ ಶಿಲ್ಪದ ಮುಂದೆ ನಿಲ್ಲಿಸಿ. ಕೈಯಲ್ಲಿರುವ ಸಾಮಾನಿನ ಹೆಸರೇನು, ಯಾವುದಕ್ಕೆ ಬಳಸುತ್ತಿದ್ದರು? ಉತ್ತರ ಅಜ್ಜನಿಂದ ಕೇಳಿ ಬರೆಯಲಿ, ಪಕ್ಕದಲ್ಲಿ ಚಿತ್ರ ಬಿಡಿಸಲಿ. ನೂರು ಪುಟದ ನೋಟ್‌ಬುಕ್ ಸಾಕು.

‘ಎಷ್ಟು ಓದಿದಿ?’ ಎಂದು ಮಾತ್ರ ಕೇಳಬೇಡಿ ತಾಯಿ. ‘ನನಗೂ ಹೇಳಪ್ಪಾ’ ಅನ್ನಿ.