ಹಿಮದ ದಾರಿಗೆ ಮಲೆನಾಡಿನ ಜೀಪು ಬುದ್ಧಿ

ಮಳೆಗಾಲದ ಕೆಸರಿನಲ್ಲಿ, ಕಾಫಿ ತೋಟದ ಏರಿನಲ್ಲಿ ಜೀಪು ಓಡಿಸಿ ಪಳಗಿದವರಿಗೆ ಯಾವ ರಸ್ತೆಯೂ ಲೆಕ್ಕಕ್ಕಿಲ್ಲ ಎಂಬ ಒಂದು ಹಮ್ಮು ಇರುತ್ತದೆ. ಚಳಿಗಾಲವನ್ನು ಮನಾಲಿ ಕಡೆ ಕಳೆಯತೊಡಗಿದ ಮೇಲೆ ನನ್ನ ಹಮ್ಮು ಕಂತುಕಂತಾಗಿ ಇಳಿಯಿತು. ಸೋಲಂಗ್, ಧುಂಧಿ, ಅಟಲ್ ಸುರಂಗ, ಅದರಾಚೆ ಲಾಹೌಲಿನ ಸಿಸ್ಸು: ಇಷ್ಟು ದಾರಿಯೇ ನನ್ನ ಪಾಠಶಾಲೆ. ಹಿಂದೆಲ್ಲ ಹಿಮ ಬಿದ್ದು ರೋಹ್ತಾಂಗ್ ಪಾಸ್ ಮುಚ್ಚಿತೆಂದರೆ ಲಾಹೌಲ್ ತಿಂಗಳುಗಟ್ಟಲೆ ಹೊರಜಗತ್ತಿಗೆ ಸಿಗುತ್ತಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್ ಉದ್ದದ ಸುರಂಗ ತೆರೆದದ್ದೇ ತಡ, ಸಣ್ಣ ಕಾರುಗಳಲ್ಲೂ ಜನ ಹಿಮ ನೋಡಲು ಹೊರಟರು. ಸಿಕ್ಕಿಬೀಳುವವರು ಹೆಚ್ಚಿದರು. ನನ್ನಂಥ ಪರೋಪಕಾರಿಗಳೂ ಹೆಚ್ಚಿದೆವು.

1. ಫೋರ್ ಬೈ ಫೋರ್ ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ

ನನ್ನ ಫೋರ್ ಬೈ ಫೋರ್ ಗಾಡಿಯಲ್ಲಿ ಎಂಜಿನ್ ನಾಲ್ಕೂ ಚಕ್ರ ತಿರುಗಿಸಬಲ್ಲದು, ಆದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೋಗಿರಲಿಲ್ಲ. ಹತ್ತುವಾಗ ಬೇರೆಯವರೆಲ್ಲ ಜಾರುತ್ತಿದ್ದಲ್ಲಿ ನಾನು ಸಲೀಸಾಗಿ ಹತ್ತಿದೆ, ಅದೇ ಗತ್ತಿನಲ್ಲಿ ಇಳಿದೆ. ತಿರುವಿನಲ್ಲಿ ಬ್ರೇಕು ಒತ್ತಿದರೆ ಎಬಿಎಸ್ ಕಾಲಡಿಯಲ್ಲಿ ಕಟಕಟ ಎಂದಿತೇ ಹೊರತು ಗಾಡಿ ನಿಲ್ಲಲಿಲ್ಲ. ಡೋಜರ್ ತಳ್ಳಿಟ್ಟಿದ್ದ ಹಿಮದ ಒಡ್ಡಿಗೆ ಗುದ್ದಿ ನಿಂತೆ. ಆ ಒಡ್ಡು ಬೆಟ್ಟದ ಬದಿಗಿತ್ತು, ಕಣಿವೆಯ ಬದಿಗಲ್ಲ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಈಗ ಇಳಿಜಾರು ಶುರುವಾಗುವ ಮೊದಲೇ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಫೋರ್ ಲೋಗೆ (ನಾಲ್ಕೂ ಚಕ್ರದ ನಿಧಾನ ಗೇರಿಗೆ) ಹಾಕಿ, ಕೆಳಗಿನ ಗೇರಿನಲ್ಲಿ ಎಂಜಿನ್ನಿಗೇ ಹಿಡಿತ ಬಿಟ್ಟು ಇಳಿಯುತ್ತೇನೆ. ಮುಂದಿನ ಗಾಡಿ ತಿರುವು ದಾಟಿ ಕಣ್ಮರೆಯಾದ ಮೇಲೆಯೇ ಹೊರಡುವುದು. ಹಿಂದಿನಿಂದ ಹಾರ್ನ್ ಹೊಡೆಯುವವರು ಹೊಡೆಯಲಿ.

ಒಣ ಡಾಂಬರು ಬಂದಕೂಡಲೇ ಟೂ ವೀಲ್‌ಗೆ ಮರಳಬೇಕು ಎಂಬುದೂ ಆಮೇಲೆ ತಿಳಿದದ್ದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡುತ್ತವೆ. ನನ್ನಂಥ ಹಳೆ ಮಾದರಿಯ ಗಾಡಿಯಲ್ಲಿ ಆ ವ್ಯತ್ಯಾಸವನ್ನು ನುಂಗಲು ನಡುವೆ ಡಿಫರೆನ್ಷಿಯಲ್ ಇಲ್ಲ. ಹಿಮದಲ್ಲಾದರೆ ಟಯರು ಚೂರು ಜಾರಿ ಸರಿದೂಗಿಸಿಕೊಳ್ಳುತ್ತದೆ, ಒಣ ರಸ್ತೆಯಲ್ಲಿ ಗೇರುಗಳೇ ಬಿಗಿದುಕೊಳ್ಳುತ್ತವೆ. ಸ್ಟೀರಿಂಗ್ ಗಟ್ಟಿಯಾದದ್ದನ್ನು ನಾನು ಚಳಿಯ ಲೆಕ್ಕಕ್ಕೆ ಬರೆದಿದ್ದೆ.

2. ಕೆಸರಿನ ವಿದ್ಯೆ ಹಿಮದಲ್ಲಿ ನಡೆಯುವುದಿಲ್ಲ

ಕೆಸರಿನಲ್ಲಿ ಹೂತರೆ ನಾವು ಆಕ್ಸಿಲರೇಟರ್ ಬಿಡುವುದಿಲ್ಲ. ಚಕ್ರ ರಭಸದಿಂದ ತಿರುಗಿದಷ್ಟೂ ಟಯರಿನ ಗೀರುಗಳ ಸಂದಿನ ಕೆಸರು ಸಿಡಿದು ಹಿಡಿತ ಸಿಗುತ್ತದೆ. ಹಿಮದಲ್ಲಿ ಹಾಗೆ ಮಾಡಿದರೆ ಟಯರಿನಡಿ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಮೊಸಾಯಿಕ್ ನೆಲದಂತೆ ನುಣುಪಾಗುತ್ತದೆ. ಊರವರೆಲ್ಲ ನೋಡುತ್ತಿರುವಂತೆ ನಾನು ಇದನ್ನು ಶ್ರದ್ಧೆಯಿಂದ ಮಾಡುತ್ತಿದ್ದಾಗ ಒಬ್ಬ ವಯಸ್ಸಾದ ಟ್ಯಾಕ್ಸಿ ಚಾಲಕರು ಕಿಟಕಿ ತಟ್ಟಿ, "ಪೈರ್ ಹಟಾವೋ ಭಾಯಿ" (ಕಾಲು ತೆಗೆಯಪ್ಪಾ) ಎಂದರು. ಸಲಿಕೆಯಿಂದ ಚಕ್ರದ ಮುಂದಿನ ಹಿಮ ತೆಗೆದರು, ರಸ್ತೆ ಬದಿಯ ಮರಳು, ಜಲ್ಲಿ ಎರಚಿದರು, ಎರಡನೇ ಗೇರಿನಲ್ಲಿ ನನ್ನಿಂದಲೇ ಕ್ಲಚ್ಚನ್ನು ನಿಧಾನ ಬಿಡಿಸಿದರು. ಗಾಡಿ ಮೇಲೆ ಬಂತು. ಆ ಮನುಷ್ಯ ನನ್ನ ಗಾಡಿಯೊಳಗೆ ಕೂರಲೂ ಇಲ್ಲ.

3. ಬಿಳಿ ಹಿಮಕ್ಕಿಂತ ಒದ್ದೆಯಂತೆ ಕಾಣುವ ರಸ್ತೆಗೆ ಹೆದರಿ

ಹಗಲು ಬಿಸಿಲಿಗೆ ಕರಗಿದ ನೀರು ರಸ್ತೆಗೆ ಅಡ್ಡ ಹರಿದು, ಬಿಸಿಲು ಜಾರಿದ ಮೇಲೆ ಗಾಜಿನ ಪದರವಾಗುತ್ತದೆ. ನೆರಳಿನ ತಿರುವು ಮತ್ತು ಸೇತುವೆಗಳಲ್ಲಿ ಮೊದಲು. ಎದುರಿನ ಗಾಡಿ ಒದ್ದೆ ರಸ್ತೆಯಲ್ಲಿ ಬರುತ್ತಿದ್ದೂ ಚಕ್ರದಿಂದ ನೀರು ಸಿಡಿಯುತ್ತಿಲ್ಲವೆಂದರೆ ಅದು ನೀರಲ್ಲ, ಐಸು. ಸಿಸ್ಸುವಿನಿಂದ ಮಧ್ಯಾಹ್ನವೇ ಹೊರಡಿ ಎಂದು ಅಲ್ಲಿನವರು ಹೇಳುವುದು ಅಂಗಡಿ ಮುಚ್ಚುವ ಆತುರಕ್ಕಲ್ಲ.

4. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ

ಅದು ಹೆಪ್ಪುಗಟ್ಟಿ ಹಿಡಿದುಕೊಂಡರೆ ಬೆಳಿಗ್ಗೆ ಬಿಡುವುದಿಲ್ಲ. ಸಮತಟ್ಟಿನಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ವೈಪರ್ ಎತ್ತಿಡಿ. ಡೀಸೆಲ್ಲಿನದು ಇನ್ನೊಂದು ಕತೆ: ಕಡು ಚಳಿಗೆ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಲಡಾಖಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ತಂದದ್ದು ಇದಕ್ಕೇ.

5. ಚೈನು ಯಾವ ಚಕ್ರಕ್ಕೆ ಎಂದು ಮೊದಲು ಕೇಳಿ

ಸೋಲಂಗಿನ ದಾರಿಯಲ್ಲಿ ಒಂದು ಸಣ್ಣ ಕಾರು ಹಿಂದಿನ ಚಕ್ರಗಳಿಗೆ ಚೈನು ಕಟ್ಟಿಕೊಂಡು ಅಲ್ಲಾಡದೆ ನಿಂತಿತ್ತು. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಎಳೆಯುವುದು ಮುಂದಿನ ಚಕ್ರ. ಅವರನ್ನು ನೋಡಿ ನಗು ಬಂತು. ಆದರೆ ನನ್ನ ಹೊಸ ಚೈನು ನನ್ನ ಟಯರಿನ ಅಳತೆಯದ್ದಲ್ಲ ಎಂದು ನನಗೆ ಗೊತ್ತಾದದ್ದು ಅದೇ ರಸ್ತೆಯಲ್ಲಿ, ಬೆರಳು ಮರಗಟ್ಟಿದ ಮೇಲೆ. ಹೋಟೆಲಿನ ಅಂಗಳದಲ್ಲೇ ಒಮ್ಮೆ ಹಾಕಿ, ಬಿಚ್ಚಿ ನೋಡಿಕೊಳ್ಳಿ.

6. ಹಗ್ಗ ಕೈಯಲ್ಲಿದೆ ಎಂದು ಎಳೆಯಲು ಹೋಗಬೇಡಿ

ಕೆಎ ನಂಬರಿನ ಕಾರು ಚರಂಡಿಗೆ ಇಳಿದಿತ್ತು. "ಅಣ್ಣಾ, ನೀವು ಕನ್ನಡದವ್ರಾ?" ಎಂದು ಕೇಳಿದ ಮೇಲೆ ನನಗೆ ತಡೆಯುವುದುಂಟೆ? ಕಾರಿನಡಿ ಕೈಗೆ ಸಿಕ್ಕ ಕಬ್ಬಿಣಕ್ಕೆ ಹಗ್ಗ ಬಿಗಿದು, ಒಂದು ಜಗ್ಗು ಜಗ್ಗಿದೆ. ಬಂಪರ್ ಬಂತು, ಕಾರು ಬರಲಿಲ್ಲ. ಎರಡನೇ ಸಲ ನನ್ನ ಗಾಡಿಯೇ ಹಿಂದಕ್ಕೆ ಜಾರಿ ಅವರ ಹೆಡ್‌ಲೈಟಿನ ಹತ್ತಿರ ಹೋಯಿತು. ಆ ಯಜಮಾನರು "ಇರ್ಲಿ ಬಿಡಿ ಸಾರ್, ಚಳಿ ಜಾಸ್ತಿ ಇದೆ, ಟೀ ಕುಡೀರಿ" ಎಂದು ನನಗೇ ಫ್ಲಾಸ್ಕ್ ಚಾಚಿದರು. ಅದಕ್ಕಿಂತ ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಎಳೆಯುವ ಕೊಕ್ಕೆ ಬಹುಪಾಲು ಕಾರುಗಳಲ್ಲಿ ಸ್ಟೆಪ್ನಿ ಜೊತೆಗಿನ ಸಾಮಾನಿನಲ್ಲೇ ಇರುತ್ತದೆ. ಬಂಪರಿನ ಸಣ್ಣ ಮುಚ್ಚಳ ತೆಗೆದು ತಿರುಪಬೇಕು, ಹಲವು ಕಾರುಗಳಲ್ಲಿ ಎಡಕ್ಕೆ. ಹಗ್ಗದ ಮೇಲೆ ದಪ್ಪ ಕಂಬಳಿ ಹಾಕಿದರೆ ಕಿತ್ತರೂ ಚಾವಟಿಯಾಗಿ ಬೀಸುವುದು ಕಡಿಮೆ. ವಿಡಿಯೋ ಮಾಡುವವರನ್ನು ಹಗ್ಗದ ಉದ್ದಕ್ಕಿಂತ ಆಚೆ ಕಳಿಸಬೇಕು. ಎಲ್ಲಕ್ಕಿಂತ ಮೊದಲು ಸಲಿಕೆ. ಹೆಚ್ಚಿನ ಕಾರುಗಳು ಅರ್ಧ ಗಂಟೆ ಹಿಮ ತೋಡಿದರೆ ತಾವಾಗಿ ಬರುತ್ತವೆ. ಅದರಲ್ಲಿ ಶೂರತನ ಕಾಣುವುದಿಲ್ಲ, ಆದ್ದರಿಂದ ನಮಗೆ ಹಿಡಿಸುವುದಿಲ್ಲ.

7. ಮೊದಲು ಸೈಲೆನ್ಸರ್ ನೋಡಿ

2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮಪಾತಕ್ಕೆ ಸಿಕ್ಕ ವಾಹನಗಳಲ್ಲೇ 20ಕ್ಕೂ ಹೆಚ್ಚು ಜನ ಸತ್ತರು. ಸೈಲೆನ್ಸರ್ ಕೊಳವೆ ಹಿಮದಲ್ಲಿ ಹೂತಿದ್ದು, ಹೀಟರಿಗಾಗಿ ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬರುವುದು ಬರಿಯ ನಿದ್ದೆ. ಮರ್ರಿಯ ಸುದ್ದಿ ಓದುವವರೆಗೂ ನಿಂತ ಕಾರಿನವರಿಗೆ "ಗ್ಲಾಸು ಮುಚ್ಚಿ, ಹೀಟರ್ ಹಾಕ್ಕೊಂಡು ಬೆಚ್ಚಗಿರಿ" ಎಂದು ಸಲಹೆ ಕೊಟ್ಟು ಮುಂದೆ ಹೋಗುತ್ತಿದ್ದವನು ನಾನು. ಈಗ ಹಿಂಬದಿಯ ಹಿಮ ತೋಡಿ, ಎಂಜಿನ್ ಆಗಾಗ ಮಾತ್ರ ಹಾಕಿ, ಕಿಟಕಿ ಚೂರು ತೆರೆದಿಡಿ ಎನ್ನುತ್ತೇನೆ. ಮಕ್ಕಳು, ವಯಸ್ಸಾದವರು ಇದ್ದರೆ ಕಾರನ್ನು ರಸ್ತೆ ಬದಿಗೆ ತಳ್ಳಿ, ಜನರನ್ನಷ್ಟೇ ಕೆಳಗೆ ಒಯ್ಯುತ್ತೇನೆ. 2024ರ ಡಿಸೆಂಬರಿನಲ್ಲಿ ಸೋಲಂಗ್ ಬಳಿ ಸಾವಿರಾರು ಪ್ರವಾಸಿಗರು ಸಿಕ್ಕಿಕೊಂಡಿದ್ದಾಗ ಪೊಲೀಸರೂ ಹಗ್ಗ ಹಿಡಿಯುವುದಕ್ಕಿಂತ ಜನರನ್ನು ಸಾಗಿಸುವುದಕ್ಕೇ ಹೆಚ್ಚು ದುಡಿದಿರಬೇಕು. ಗಾಡಿ ನಾಳೆಯೂ ಅಲ್ಲೇ ಇರುತ್ತದೆ.

8. ಪುಕ್ಕಟೆ ಸಹಾಯಕ್ಕೂ ಒಬ್ಬರು ಬೆಲೆ ತೆರುತ್ತಾರೆ

ಹಿಮದ ದಿನಗಳಲ್ಲಿ ಅಲ್ಲಿನ ಫೋರ್ ಬೈ ಫೋರ್ ಟ್ಯಾಕ್ಸಿಯವರಿಗೆ ಜನರನ್ನು ಸಾಗಿಸುವುದೇ ಸಂಪಾದನೆ. ಅವರ ಎದುರೇ ನಾನು ಬಿಟ್ಟಿಯಾಗಿ ಹಗ್ಗ ಬಿಚ್ಚುತ್ತಿದ್ದೆ, ಅವರ ಮುಖ ಯಾಕೆ ಸಿಂಡರಿಸುತ್ತದೆ ಎಂದು ಯೋಚಿಸಲೇ ಇಲ್ಲ. ಈಗ ಸ್ಥಳದಲ್ಲಿ ಅವರಲ್ಲೊಬ್ಬರಿದ್ದರೆ ನಾನು ಬದಿಗೆ ನಿಲ್ಲಿಸಿ, ಸಲಿಕೆ ಹಿಡಿದು ಇಳಿಯುತ್ತೇನೆ. ಬಾಡಿಗೆ ಅವರೇ ಮಾತಾಡಿಕೊಳ್ಳುತ್ತಾರೆ. ಕನ್ನಡದವರು ಸಿಕ್ಕರೆ ಚೌಕಾಸಿಗೆ ನನ್ನನ್ನು ಕರೆಯುತ್ತಾರೆ, ಅದೊಂದಕ್ಕೆ ನಾನು ಹೋಗುವುದಿಲ್ಲ.