ನಮ್ಮ ಮನೆಯ ಕರೆಂಟ್ ಬಿಲ್ಲು: ಸಂತೆಯ ಬೆಲೆಯೋ, ಸರಕಾರದ ಬೆಲೆಯೋ?

ಮಕ್ಕಳೇ, ಈ ಪಾಠ ಓದುವ ಮೊದಲು ಒಂದು ಕೆಲಸ ಮಾಡಿ. ಅಪ್ಪ ಅಮ್ಮನನ್ನು ಕೇಳಿ ಮನೆಯ ಒಂದು ತಿಂಗಳ ಕರೆಂಟ್ ಬಿಲ್ಲನ್ನು ಪಕ್ಕದಲ್ಲಿಟ್ಟುಕೊಳ್ಳಿ. ಪೋಷಕರೇ, ನೀವೂ ಜೊತೆಗೆ ಕುಳಿತರೆ ಒಳ್ಳೆಯದು. ಬಿಲ್ಲು ಕಟ್ಟುವವರು ನೀವು ತಾನೆ!

ನಮ್ಮ ಹಿರಿಯ ತರಗತಿಯಲ್ಲಿ ಒಂದು ಭಾನುವಾರ ಹೀಗೆಯೇ ಎಲ್ಲರೂ ಬಿಲ್ಲು ತಂದಿದ್ದರು. ಕ್ಯಾರಲ್ಟನ್ನಿನ ಒಂದೇ ರಸ್ತೆಯ ಎರಡು ಮನೆಗಳ ಬಿಲ್ಲಿನಲ್ಲಿ ಎರಡು ಬೇರೆ ಕಂಪನಿಗಳ ಹೆಸರು, ಎರಡು ಬೇರೆ ದರ. ಗಾರ್ಲೆಂಡಿನಿಂದ ಬರುವ ವಿದ್ಯಾರ್ಥಿನಿಯ ಬಿಲ್ಲಿನ ಮೇಲೆ ಮಾತ್ರ ಅವರ ಊರಿನ ಹೆಸರೇ ಇತ್ತು. ಮೊಮ್ಮಗನನ್ನು ಬಿಡಲು ಬಂದಿದ್ದ ಅಜ್ಜಿಯೊಬ್ಬರು ಬಾಗಿಲಲ್ಲೇ ನಿಂತು ಕೇಳುತ್ತಿದ್ದವರು, "ಅಲ್ಲಪ್ಪಾ, ಕರೆಂಟು ಬರೋದು ಒಂದೇ ತಂತೀಲಿ ತಾನೆ? ಮತ್ತೆ ಅಕ್ಕಪಕ್ಕದ ಮನೆಗೆ ಬೇರೆ ಬೇರೆ ರೇಟು ಹೇಗೆ?" ಎಂದರು. ನಮಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನು ಹುಡುಕುವುದೇ ಈ ಪಾಠ.

ಮೂರು ಕೆಲಸ, ಮೂರು ಜನ

ಕರೆಂಟು ನಮ್ಮ ಮನೆಗೆ ಬರಲು ಮೂರು ಕೆಲಸ ಆಗಬೇಕು. ಅದನ್ನು ಉತ್ಪಾದಿಸಬೇಕು, ತಂತಿಯ ಮೂಲಕ ಸಾಗಿಸಬೇಕು, ಕೊನೆಗೆ ಮಾರಿ ಹಣ ವಸೂಲು ಮಾಡಬೇಕು. ಹಿಂದೆ ಟೆಕ್ಸಸ್‌ನಲ್ಲಿ ಈ ಮೂರನ್ನೂ ಒಂದು ಪ್ರದೇಶಕ್ಕೆ ಒಂದೇ ಕಂಪನಿ ಮಾಡುತ್ತಿತ್ತು. ಅಂಥ ಕಂಪನಿಗಳ ದರವನ್ನು 1975ರಲ್ಲಿ ಹುಟ್ಟಿದ ರಾಜ್ಯದ ಪಬ್ಲಿಕ್ ಯುಟಿಲಿಟಿ ಕಮಿಷನ್ ನಿಗದಿ ಮಾಡುತ್ತಿತ್ತು. ನ್ಯಾಯಬೆಲೆ ಅಂಗಡಿಯ ಹಾಗೆ: ಅಂಗಡಿ ಒಂದೇ, ಬೆಲೆ ಸರಕಾರದ್ದು.

1999ರಲ್ಲಿ ಟೆಕ್ಸಸ್ ಶಾಸನಸಭೆ 'ಸೆನೆಟ್ ಬಿಲ್ 7' ಎಂಬ ಕಾನೂನು ಮಾಡಿತು. ಅದರಂತೆ 2002ರ ಜನವರಿ 1ರಿಂದ ಡಾಲಸ್, ಹ್ಯೂಸ್ಟನ್ ಮೊದಲಾದ ಕಡೆ ಮಾರುವ ಕೆಲಸಕ್ಕೆ ಸಂತೆ ತೆರೆಯಿತು. ಯಾರು ಬೇಕಾದರೂ ಪರವಾನಗಿ ಪಡೆದು ಕರೆಂಟು ಮಾರಬಹುದು, ನಮಗೆ ಹಿಡಿಸಿದವರಿಂದ ನಾವು ಕೊಳ್ಳಬಹುದು. ಹಳೆಯ ಕಂಪನಿಗಳು ತಮ್ಮ ದರವನ್ನು ಇಳಿಸಿ ಹೊಸಬರನ್ನು ಮೊಳಕೆಯಲ್ಲೇ ಚಿವುಟದಿರಲಿ ಎಂದು, ಅವಕ್ಕೆ ಕೆಲವು ವರ್ಷ ಆಯೋಗ ಗೊತ್ತುಪಡಿಸಿದ ದರವೇ ಇತ್ತು. 2007ರ ಹೊತ್ತಿಗೆ ಆ ಕಟ್ಟೂ ಕಳಚಿತು.

ಆದರೆ ತಂತಿ? ಒಂದು ರಸ್ತೆಗೆ ಹತ್ತು ಕಂಪನಿಗಳು ಹತ್ತು ಸಾಲು ಕಂಬ ನೆಡಲು ಆಗುತ್ತದೆಯೇ? ಆದ್ದರಿಂದ ಡಾಲಸ್ ಕಡೆ ಆನ್‌ಕೋರ್, ಹ್ಯೂಸ್ಟನ್ನಿನಲ್ಲಿ ಸೆಂಟರ್‌ಪಾಯಿಂಟ್ ಕಂಪನಿಗಳಿಗೇ ತಂತಿಯ ಕೆಲಸ ಉಳಿಯಿತು. ಅವುಗಳ ದರವನ್ನು ಇಂದಿಗೂ ಆಯೋಗವೇ ನಿಗದಿ ಮಾಡುತ್ತದೆ. ಅಜ್ಜಿ ಹೇಳಿದ್ದು ಸರಿಯೇ: ತಂತಿ ಒಂದೇ, ಅದರೊಳಗಿನ ಕರೆಂಟೂ ಒಂದೇ. ಬೇರೆಯಾಗಿರುವುದು ಬಿಲ್ಲು ಕಳಿಸುವವರು.

ಆಸ್ಟಿನ್, ಗಾರ್ಲೆಂಡ್ ಮುಂತಾದ ಊರುಗಳಲ್ಲಿ ಕರೆಂಟು ನಗರಾಡಳಿತದ ಸ್ವತ್ತು. ಸಂತೆಗೆ ಬರುವುದೂ ಬಿಡುವುದೂ ಅವರ ಇಷ್ಟಕ್ಕೆ ಬಿಟ್ಟದ್ದು ಎಂದು ಕಾನೂನು ಹೇಳಿತು. ಅವರು ಬರಲಿಲ್ಲ. ಹೀಗಾಗಿ ಆಸ್ಟಿನ್ನಿನಲ್ಲಿರುವ ನಮ್ಮ ನೆಂಟರಿಗೆ ಕಂಪನಿ ಆರಿಸುವ ತಲೆಬಿಸಿಯೂ ಇಲ್ಲ, ಸ್ವಾತಂತ್ರ್ಯವೂ ಇಲ್ಲ. ಅವರ ದರ ಸಿಟಿ ಕೌನ್ಸಿಲ್ಲಿನಲ್ಲಿ ತೀರ್ಮಾನವಾಗುತ್ತದೆ; ಒಪ್ಪಿಗೆಯಾಗದಿದ್ದರೆ ಅಲ್ಲಿ ಹೋಗಿ ಮಾತಾಡಬಹುದು, ಮುಂದಿನ ಚುನಾವಣೆಯಲ್ಲಿ ಮತ ಹಾಕಬಹುದು.

ಸಂತೆಯಲ್ಲಿ ಕಣ್ಣು ತೆರೆದಿರಬೇಕು

ಈಗ ಒಂದು ಲೆಕ್ಕ. ಇದು ತರಗತಿಗಾಗಿ ನಾವೇ ಕಟ್ಟಿದ ಉದಾಹರಣೆ. ಇಂಥ ಪ್ಲಾನುಗಳು ಪೇಟೆಯಲ್ಲಿ ನಿಜವಾಗಿಯೂ ಇವೆ. ಯೂನಿಟ್ಟಿಗೆ 16 ಸೆಂಟ್. ತಿಂಗಳಲ್ಲಿ 1000 ಯೂನಿಟ್ ಮುಟ್ಟಿದರೆ 50 ಡಾಲರ್ ರಿಯಾಯಿತಿ. 1000 ಯೂನಿಟ್ ಬಳಸಿದವರ ಬಿಲ್ಲು 160ರಲ್ಲಿ 50 ಕಳೆದು 110 ಡಾಲರ್, ಅಂದರೆ ಯೂನಿಟ್ಟಿಗೆ 11 ಸೆಂಟ್. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಈ 11. ಆದರೆ ದೀಪ ಆರಿಸಿ, ಫ್ಯಾನು ನಿಲ್ಲಿಸಿ ಜಾಣತನದಿಂದ 990 ಯೂನಿಟ್‌ಗೆ ಇಳಿಸಿದವರ ಬಿಲ್ಲು? 158 ಡಾಲರ್ 40 ಸೆಂಟ್! ಹತ್ತು ಯೂನಿಟ್ ಉಳಿಸಿದ್ದಕ್ಕೆ 48 ಡಾಲರ್ 40 ಸೆಂಟ್ ದಂಡ. ಇದನ್ನು ಬಿಡಿಸಿದಾಗ ತರಗತಿಯಲ್ಲಿ ಒಬ್ಬ ಹುಡುಗ, "ಮಿಸ್, ಹಾಗಾದ್ರೆ ತಿಂಗಳ ಕೊನೇಲಿ ಎಲ್ಲಾ ಲೈಟು ಹಾಕಿಬಿಡೋದು ಲಾಭ ಅಲ್ವಾ?" ಎಂದ. ಲೆಕ್ಕದ ಪ್ರಕಾರ ಅವನ ಮಾತು ಸರಿ, ಬೇಸರದ ಸಂಗತಿಯೆಂದರೆ ಅದೇ!

ಇದಕ್ಕಾಗಿಯೇ ಪ್ರತಿ ಪ್ಲಾನಿಗೂ 'ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್' ಇರಬೇಕೆಂದು ಆಯೋಗ ನಿಯಮ ಮಾಡಿದೆ. ಅದರಲ್ಲಿ 500, 1000 ಮತ್ತು 2000 ಯೂನಿಟ್ ಬಳಸಿದರೆ ಸರಾಸರಿ ದರ ಎಷ್ಟೆಂದು ಹೇಳಲೇಬೇಕು. ಮೇಲಿನ ಉದಾಹರಣೆಯಲ್ಲಿ ಅವು ಕ್ರಮವಾಗಿ 16, 11 ಮತ್ತು 13.5 ಸೆಂಟ್. ಮೂರನ್ನೂ ನೋಡಿದವರು ಮೋಸ ಹೋಗುವುದಿಲ್ಲ. ಇಲ್ಲೊಂದು ವಿಷಯ ಗಮನಿಸಿ: ಸಂತೆಯಲ್ಲಿ ತಕ್ಕಡಿ ಸರಿಯಾಗಿರಬೇಕಾದರೂ ತಕ್ಕಡಿಯನ್ನು ಪರೀಕ್ಷಿಸುವ ಒಬ್ಬ ಅಧಿಕಾರಿ ಬೇಕು.

ನಮ್ಮಲ್ಲೇ ಒಬ್ಬರು ಕರಾರು ಮುಗಿಯುವ ಸೂಚನೆಯನ್ನು ಜಾಹೀರಾತೆಂದು ತಿಳಿದು ಕಸದ ಬುಟ್ಟಿಗೆ ಹಾಕಿದ್ದರು. ಹೊಸ ಪ್ಲಾನು ಆರಿಸದಿದ್ದರೆ ತಿಂಗಳಿಂದ ತಿಂಗಳಿಗೆ ಬದಲಾಗುವ ದರಕ್ಕೆ ಸೇರಿಸಿಬಿಡುತ್ತಾರೆ. ಆಗಸ್ಟ್ ತಿಂಗಳ ಬಿಲ್ಲು ಬಂದಾಗಲೇ ಅವರಿಗೆ ಎಚ್ಚರವಾದದ್ದು. ತಪ್ಪು ನಮ್ಮದೇ ಅನ್ನೋಣ. ಆದರೆ ಇಂಗ್ಲಿಷ್ ಓದಲು ಬಾರದ ಹಿರಿಯರು, ಎರಡೆರಡು ಪಾಳಿ ದುಡಿಯುವವರು ಇಂಥ ಕಾಗದಗಳನ್ನೆಲ್ಲ ಓದಿ ಆರಿಸಲು ಸಾಧ್ಯವೇ?

ಅತ್ತ ನಮ್ಮ ಊರಿನಲ್ಲಿ

ಕರ್ನಾಟಕದಲ್ಲೂ 1999ರಲ್ಲೇ ವಿದ್ಯುತ್ ಸುಧಾರಣೆಯ ಕಾನೂನು ಬಂದದ್ದು ಸ್ವಾರಸ್ಯದ ಸಂಗತಿ. ಅಜ್ಜ ಅಜ್ಜಿಯರು ಇನ್ನೂ 'ಕೆಇಬಿ' ಎನ್ನುವ ಹಳೆಯ ಮಂಡಳಿಯ ಕೆಲಸ ಕೆಪಿಟಿಸಿಎಲ್‌ಗೆ ಹೋಯಿತು. ದರ ನಿಗದಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳು ಹುಟ್ಟಿದವು. ಆದರೆ ದಾರಿ ಬೇರೆಯಾಯಿತು. ಇಲ್ಲಿ ಮನೆಯವರು ಕಂಪನಿ ಆರಿಸತೊಡಗಿದರು. ಅಲ್ಲಿ ಮನೆಗಳಿಗೆ ಕಂಪನಿಯ ಆಯ್ಕೆ ಬರಲಿಲ್ಲ. ಬದಲಿಗೆ, ದರ ಏರಿಸಬೇಕಾದಾಗ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ. ಬಡವರ ಮನೆಯಲ್ಲಿ ದೀಪ ಉರಿಯುವುದು ದೊಡ್ಡ ಮಾತು. ಆದರೆ ಮಕ್ಕಳೇ, ಉಚಿತ ಎಂದರೆ ಖರ್ಚಿಲ್ಲ ಎಂದಲ್ಲ. ಆ ಹಣವನ್ನು ಸರಕಾರ ತೆರಿಗೆಯಿಂದ ತುಂಬಿಕೊಡಬೇಕು. ಬೆಲೆ ಕಣ್ಣಿಗೆ ಕಾಣದಿದ್ದರೆ ಮಿತವಾಗಿ ಬಳಸುವ ಮನಸ್ಸೂ ಕಡಿಮೆಯಾಗಬಹುದು.

ಆ ಫೆಬ್ರವರಿ

ಕೊನೆಗೆ, ನಾವಾರೂ ಮರೆಯಲಾಗದ 2021ರ ಫೆಬ್ರವರಿಗೆ ಬರೋಣ. ಫೆಬ್ರವರಿ 16ರ ಬೆಳಗ್ಗೆ ಡಾಲಸ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 19 ಸೆಲ್ಸಿಯಸ್. ಗ್ಯಾಸ್ ಬಾವಿಗಳು, ವಿದ್ಯುತ್ ಸ್ಥಾವರಗಳು, ಗಾಳಿಯಂತ್ರಗಳು ಹೆಪ್ಪುಗಟ್ಟಿದವು. ಟೆಕ್ಸಸ್‌ನ ಬಹುಭಾಗದ ಜಾಲವನ್ನು ನಡೆಸುವ ಎರ್ಕಾಟ್ ಸಂಸ್ಥೆ 15ರ ನಸುಕಿನಲ್ಲಿ ಲೋಡ್ ಶೆಡ್ಡಿಂಗ್‌ಗೆ ಆದೇಶಿಸಿತು. ಇಡೀ ಜಾಲವೇ ಕುಸಿಯಲು ಇನ್ನು 4 ನಿಮಿಷ 37 ಸೆಕೆಂಡು ಮಾತ್ರ ಉಳಿದಿತ್ತೆಂದು ಅದೇ ಸಂಸ್ಥೆ ಆಮೇಲೆ ಹೇಳಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಲ್ಲಿ ಕತ್ತಲೆ. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಂತೆ 246 ಜನ ಸತ್ತರು. ಲೋಡ್ ಶೆಡ್ಡಿಂಗ್ ನೋಡಿಯೇ ಬೆಳೆದ ನಮಗೆ ಕತ್ತಲೆ ಹೊಸದಲ್ಲ. ಆದರೆ ಮನೆಯೊಳಗೆ ಮಕ್ಕಳ ಉಸಿರು ಹೊಗೆಯಾಗಿ ಕಂಡದ್ದು ಅದೇ ಮೊದಲು.

ಸಗಟು ಮಾರುಕಟ್ಟೆಯಲ್ಲಿ ಸಾಮಾನ್ಯ ದಿನಗಳಲ್ಲಿ ಯೂನಿಟ್ಟಿಗೆ ಎರಡು ಮೂರು ಸೆಂಟ್ ಇರುತ್ತಿದ್ದ ಬೆಲೆ ಆ ದಿನಗಳಲ್ಲಿ 9 ಡಾಲರ್‌ಗೆ ಏರಿ ಸುಮಾರು ನಾಲ್ಕು ದಿನ ಅಲ್ಲೇ ನಿಂತಿತು. ಸ್ಥಿರ ದರದ ಪ್ಲಾನಿನಲ್ಲಿದ್ದವರಿಗೆ ಯೂನಿಟ್ ದರ ಬದಲಾಗಲಿಲ್ಲ. ಆದರೆ ನಮ್ಮ ಪರಿಚಯದ ಒಂದು ಕುಟುಂಬ, ವರ್ಷವೆಲ್ಲ ಅಗ್ಗವೆಂದು ಸಗಟು ದರದ ಪ್ಲಾನು ತೆಗೆದುಕೊಂಡಿತ್ತು. ದಿನಕ್ಕೆ 40 ಯೂನಿಟ್ ಎಂದರೆ 360 ಡಾಲರ್! ಆ ತಾಯಿ ಫೋನಿನಲ್ಲಿ ಬೆಲೆ ನೋಡುತ್ತ, ಮಗುವಿಗೆ ಎರಡು ಸ್ವೆಟರ್ ಹಾಕಿ ಹೀಟರ್ ಆರಿಸಿದರು. "ಇದ್ದ ಕರೆಂಟನ್ನೂ ಉರಿಸೋಕೆ ಹೆದರಿಕೆ ಆಯ್ತು" ಎಂದು ಅವರು ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ.

ಇದು ಬರೀ ಪೇಟೆಯ ತಪ್ಪೇ? ಅಷ್ಟು ಸುಲಭವಲ್ಲ. 9 ಡಾಲರ್ ಎಂಬ ಗರಿಷ್ಠ ಮಿತಿಯನ್ನು ಇಟ್ಟದ್ದು ಆಯೋಗ. ಲೋಡ್ ಶೆಡ್ಡಿಂಗ್ ಇರುವಾಗ ಬೆಲೆ ಆ ಮಿತಿಯಲ್ಲೇ ಇರಲಿ ಎಂದು ಆದೇಶಿಸಿದ್ದೂ ಅದೇ. ಬೆಲೆ ಏರಿದರೆ ಇನ್ನಷ್ಟು ಸ್ಥಾವರಗಳು ಓಡೋಡಿ ಬರುತ್ತವೆ ಎಂಬುದು ಅದರ ಹಿಂದಿನ ವಾದ. ಆ ಆದೇಶ ಕಾನೂನುಬದ್ಧವೆಂದು 2024ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೆ ಹೆಪ್ಪುಗಟ್ಟಿದ ಪೈಪು ಎಷ್ಟು ಬೆಲೆ ಕೊಟ್ಟರೂ ಗ್ಯಾಸು ಕೊಡುವುದಿಲ್ಲ. 2011ರ ಚಳಿಯಲ್ಲೂ ಹೀಗೇ ಆಗಿತ್ತು. ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸಿ ಎಂದು ಆಗಲೇ ತಜ್ಞರು ಹೇಳಿದ್ದರು. ಕಡ್ಡಾಯ ಮಾಡಿದ್ದು ಮಾತ್ರ 2021ರಲ್ಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಅದೇ ವರ್ಷ ಮನೆಗಳಿಗೆ ಸಗಟು ದರದ ಪ್ಲಾನು ಮಾರುವುದನ್ನೂ ಕಾನೂನು ನಿಷೇಧಿಸಿತು. 2022ರಿಂದ ಗರಿಷ್ಠ ಮಿತಿಯನ್ನು 5 ಡಾಲರ್‌ಗೆ ಇಳಿಸಲಾಯಿತು.

ಹಾಗೆಂದು ನಿಯಂತ್ರಣದ ಕಡೆ ಎಲ್ಲವೂ ಸರಿಯೆಂದಲ್ಲ. ನಗರದ ಸ್ವತ್ತಾದ ಆಸ್ಟಿನ್ನಿನ ಮನೆಗಳೂ ಆ ವಾರ ಕತ್ತಲೆಯಲ್ಲಿದ್ದವು, ಜಾಲ ಒಂದೇ ಆದ್ದರಿಂದ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಕಡೆ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟು ಹೋಯಿತು. ಅಲ್ಲಿ ಬಿದ್ದದ್ದು ಸ್ಪರ್ಧೆಯೇ ಇಲ್ಲದ, ಆಯೋಗದ ಕಣ್ಗಾವಲಿನ ತಂತಿ ಕಂಬಗಳು. ಎಲ್ಲರ ಮನೆ ದೋಸೆಯೂ ತೂತೇ!

ನಾವು ಕಲಿತದ್ದು

ತರಗತಿಯಲ್ಲಿ ಮಕ್ಕಳು ಎರಡು ಗುಂಪಾಗಿ ವಾದ ಮಾಡಿದರು. ಕೊನೆಗೆ ಎಲ್ಲರೂ ಒಪ್ಪಿದ ಮಾತು ಒಂದಿತ್ತು: ಕೊಳ್ಳುವವನಿಗೆ "ಬೇಡ, ಪಕ್ಕದ ಅಂಗಡಿಗೆ ಹೋಗುತ್ತೇನೆ" ಎನ್ನುವ ಶಕ್ತಿ ಇದ್ದಲ್ಲಿ ಸಂತೆ ಒಳ್ಳೆಯದು. ಅಲ್ಲಿ ಹೊಸ ಪ್ಲಾನು ಬರುತ್ತದೆ, ಚೌಕಾಸಿಗೆ ಬೆಲೆ ಇರುತ್ತದೆ. ಆ ಶಕ್ತಿ ಇಲ್ಲದಲ್ಲಿ, ಅಂದರೆ ಒಂದೇ ತಂತಿಯ ವಿಷಯದಲ್ಲಿ, ಕೊರೆಯುವ ಚಳಿಯ ರಾತ್ರಿಯಲ್ಲಿ, ಓದಲಾಗದ ಕರಾರಿನ ಎದುರಿನಲ್ಲಿ, ನಿಯಮ ಬೇಕು. ಆ ನಿಯಮ ಆಪತ್ತು ಬರುವ ಮೊದಲೇ ಇರಬೇಕು. ನಿಯಮ ಮಾಡುವವರನ್ನು ಕೇಳುವವರೂ ಇರಬೇಕು, ಕೇಳಬೇಕಾದವರು ನಾವೇ.

ಅಭ್ಯಾಸ

1. ನಿಮ್ಮ ಬಿಲ್ಲಿನಲ್ಲಿ ತಂತಿಯ ಕಂಪನಿಗೆ ಹೋಗುವ ಹಣ ಎಷ್ಟು, ಮಾರುವ ಕಂಪನಿಗೆ ಎಷ್ಟು? ಬೇರ್ಪಡಿಸಿ ಬರೆಯಿರಿ.
2. ನಿಮ್ಮ ಕರಾರು ಮುಗಿಯುವ ದಿನಾಂಕ ಹುಡುಕಿ, ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
3. ಮೇಲಿನ ರಿಯಾಯಿತಿ ಪ್ಲಾನಿನಲ್ಲಿ 1500 ಯೂನಿಟ್ಟಿಗೆ ಬಿಲ್ಲು ಎಷ್ಟು? ಯೂನಿಟ್ಟಿಗೆ ಎಷ್ಟು ಬಿತ್ತು?
4. ಊರಿನಲ್ಲಿರುವ ಅಜ್ಜ ಅಜ್ಜಿಗೆ ಫೋನು ಮಾಡಿ, ಅವರ ಬಾಲ್ಯದಲ್ಲಿ ಮನೆಗೆ ಕರೆಂಟು ಬಂದದ್ದು ಯಾವಾಗ ಎಂದು ಕೇಳಿ ಐದು ವಾಕ್ಯ ಬರೆಯಿರಿ.
5. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ, ಅವರ ಬಿಲ್ಲನ್ನೂ ಓದಿ ಹೇಳಲೇ ಎಂದು ಅಪ್ಪ ಅಮ್ಮನೊಂದಿಗೆ ಹೋಗಿ ವಿಚಾರಿಸಿ. ಇದಕ್ಕೆ ಅಂಕವಿಲ್ಲ, ಆದರೆ ದಯವಿಟ್ಟು ಬಿಡಬೇಡಿ.