ಬಟನ್ ಒತ್ತಿದರೂ ಆನ್ ಆಗದ ಹೊಸ ಕಂಪ್ಯೂಟರ್

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಮನೆಯಲ್ಲೇ ಡೆಸ್ಕ್‌ಟಾಪ್ ಜೋಡಿಸಿದೆ. ಪವರ್ ಬಟನ್ ಒತ್ತಿದರೆ ಫ್ಯಾನೂ ತಿರುಗುವುದಿಲ್ಲ, ಲೈಟೂ ಬರುವುದಿಲ್ಲ. ಮದರ್‌ಬೋರ್ಡ್ ಸುಟ್ಟಿದೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಅಪ್ಪ ಕೊಟ್ಟ ದುಡ್ಡು ಸರ್, ಏನು ಮಾಡಲಿ?
— ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಉತ್ತರ: ಗಾಬರಿ ಬೇಡ. ಹೊಸದಾಗಿ ಜೋಡಿಸಿದ ಯಂತ್ರ ಅಲುಗಾಡದೆ ಕೂತರೆ ಭಾಗ ಕೆಟ್ಟಿರುವುದಕ್ಕಿಂತ ಜೋಡಣೆಯಲ್ಲಿ ಏನೋ ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು. ಊಹೆ ಬಿಟ್ಟು, ಕರೆಂಟು ಎಲ್ಲಿವರೆಗೆ ಬಂದು ಎಲ್ಲಿ ನಿಂತಿದೆ ಎಂದು ಗೋಡೆಯಿಂದ ಶುರುಮಾಡಿ ಹುಡುಕಿ.

ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಸ್‌ಎಂಪಿಎಸ್‌ನ ಹಿಂಬದಿಯಲ್ಲಿ ಪುಟ್ಟ ಸ್ವಿಚ್ ಇದ್ದರೆ ಅದು ಗೆರೆಯ ಗುರುತಿನ ಕಡೆ ಒತ್ತಿರಬೇಕು. ಸೊನ್ನೆಯ ಕಡೆ ಇದ್ದರೆ ಆಫ್ ಎಂದರ್ಥ. ಸ್ವಿಚ್ ಆನ್ ಇದ್ದಾಗ, ಬಟನ್ ಒತ್ತುವ ಮೊದಲೇ ಮದರ್‌ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟು ಬರುತ್ತಿರುತ್ತದೆ. ಕೆಲವು ಬೋರ್ಡುಗಳಲ್ಲಿ ಅದನ್ನು ತೋರಿಸುವ ಸಣ್ಣ ಎಲ್‌ಇಡಿ ಇರುತ್ತದೆ. ಅದು ಹೊತ್ತಿದ್ದರೆ ಕರೆಂಟು ಬೋರ್ಡಿನವರೆಗೆ ಬಂದಿದೆ ಎಂದು ಗೊತ್ತಾಯಿತು.

ಮುಂದಿನದನ್ನು ಮುಟ್ಟುವ ಮೊದಲು ಪ್ಲಗ್ ಕಿತ್ತುಬಿಡಿ. 24 ಪಿನ್ನಿನ ದೊಡ್ಡ ಕನೆಕ್ಟರ್ ಕೂತಂತೆ ಕಂಡರೂ ಪೂರ್ತಿ ಕೂತಿರುವುದಿಲ್ಲ. ಅದರ ಕೊಕ್ಕೆ ಬೋರ್ಡಿನ ಮೇಲಿನ ಸಾಕೆಟ್ಟಿನ ಅಂಚನ್ನು ‘ಟಕ್’ ಎಂದು ಹಿಡಿಯುವವರೆಗೆ ಒತ್ತಿ. ಪ್ರೊಸೆಸರ್ ಪಕ್ಕದಲ್ಲಿ 4 ಅಥವಾ 8 ಪಿನ್ನಿನ ಇನ್ನೊಂದು ಕನೆಕ್ಟರ್ ಬೇಕು. ಮೊದಲ ಸಲ ಜೋಡಿಸುವವರು ಮರೆಯುವುದು ಇದನ್ನೇ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ ನೋಡಲು ಹೀಗೇ ಇದ್ದರೂ ಅದು ಬೇರೆ, ಬಲವಂತವಾಗಿ ತುರುಕಬೇಡಿ.

ಆಮೇಲೆ ಕ್ಯಾಬಿನೆಟ್ ಬಟನ್ನಿನ ವೈರು. ಬೋರ್ಡಿನ ಕೆಳಮೂಲೆಯ ಪಿನ್ನುಗಳಲ್ಲಿ ಅದಕ್ಕೆ ಎರಡೇ ಪಿನ್ ಮೀಸಲು. ಅದು ಯಾವುದೆಂದು ಮ್ಯಾನುಯಲ್‌ನ ಚಿತ್ರದಲ್ಲಿದೆ. ಒಂದು ಪಿನ್ ಆಚೀಚೆ ಆದರೂ ಬಟನ್ ಕೆಲಸ ಮಾಡುವುದಿಲ್ಲ. ಅನುಮಾನವಿದ್ದರೆ ಆ ವೈರು ತೆಗೆದು, ಮತ್ತೆ ಪ್ಲಗ್ ಹಾಕಿ, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್ನನ್ನು ಮಾತ್ರ ಒಂದು ಕ್ಷಣ ಒಟ್ಟಿಗೆ ಮುಟ್ಟಿಸಿ. ಬಟನ್ ಮಾಡುವ ಕೆಲಸವೂ ಇಷ್ಟೇ. ಆಗ ಫ್ಯಾನ್ ತಿರುಗಿದರೆ ದೋಷ ಬಟನ್ನಿನದೋ ವೈರಿನದೋ, ಬೋರ್ಡಿನದಲ್ಲ.

ಇಷ್ಟಾದರೂ ಆನ್ ಆಗದಿದ್ದರೆ, ಅಥವಾ ಫ್ಯಾನ್ ಒಮ್ಮೆ ಜರುಗಿ ನಿಂತರೆ, ಶಾರ್ಟ್ ಆಗಿರಬಹುದು. ಬೋರ್ಡಿನ ಕೆಳಗಿನ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳು ಬೋರ್ಡಿನ ತೂತುಗಳಿಗೆ ಸರಿಯಾಗಿ ಮಾತ್ರ ಇರಬೇಕು. ತೂತಿಲ್ಲದ ಕಡೆ ಒಂದು ಉಳಿದಿದ್ದರೂ ಅದು ಹಿಂಬದಿಯ ಬೆಸುಗೆಗೆ ತಾಗುತ್ತದೆ. ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಮತ್ತೆ ಪ್ಲಗ್ ಕಿತ್ತು, ಬೋರ್ಡನ್ನು ಹೊರತೆಗೆದು ಅದರ ರಟ್ಟಿನ ಡಬ್ಬಿಯ ಮೇಲಿಡಿ. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್ ಇಷ್ಟನ್ನೇ ಜೋಡಿಸಿ ಶುರುಮಾಡಿ. ಇಲ್ಲಿ ಆನ್ ಆಯಿತೆಂದರೆ ತಪ್ಪು ಕ್ಯಾಬಿನೆಟ್ ಒಳಗಿದೆ. ಇಲ್ಲೂ ಆಗದಿದ್ದರೆ ಗೆಳೆಯರ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಅದರದೇ ಕೇಬಲ್ ಸಮೇತ ಹಾಕಿ ನೋಡಿ. ಅದಾದ ಮೇಲಷ್ಟೇ ಬೋರ್ಡನ್ನು ಅನುಮಾನಿಸಿ.

ಪ್ರಶ್ನೆ: ನನ್ನ ಹೊಸ ಯಂತ್ರದಲ್ಲಿ ಫ್ಯಾನ್ ತಿರುಗುತ್ತದೆ, ಲೈಟು ಹೊತ್ತುತ್ತದೆ, ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎನ್ನುತ್ತದೆ.
— ಓದುಗರು, ಧಾರವಾಡ

ಉತ್ತರ: ನಿಮ್ಮದು ಬೇರೆ ಸಮಸ್ಯೆ. ಎಸ್‌ಎಂಪಿಎಸ್ ಆನ್ ಆಗುತ್ತಿದೆ, ಚಿತ್ರ ಬರುತ್ತಿಲ್ಲ. ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರ್ ಆದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ; ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿದರೆ ಏನೂ ಬಾರದು. ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಪ್ರೊಸೆಸರ್ ಪಕ್ಕದ ಪವರ್ ಕನೆಕ್ಟರನ್ನೂ ನೋಡಿ. ನಂತರ ಒಂದೇ ರ‍್ಯಾಮನ್ನು ಮ್ಯಾನುಯಲ್ ಹೇಳುವ ಸ್ಲಾಟಿನಲ್ಲಿ, ಎರಡು ತುದಿಯೂ ಕೂರುವಂತೆ ಒತ್ತಿ. ಡಿಡಿಆರ್5 ರ‍್ಯಾಮ್ ಆದರೆ ಮೊದಲ ಸಲ ಬೋರ್ಡು ಅದನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಆತುರಪಟ್ಟು ನಡುವೆ ಆಫ್ ಮಾಡಬೇಡಿ.

ಪ್ರಶ್ನೆ: ಹಳೆಯ ಎಸ್‌ಎಂಪಿಎಸ್‌ನ ಕೇಬಲ್‌ಗಳು ಹೊಸದಕ್ಕೂ ಸರಿಯಾಗಿ ಕೂರುತ್ತವೆ. ಅವನ್ನೇ ಬಳಸಬಹುದೇ?
— ಓದುಗರು, ಮಂಗಳೂರು

ಉತ್ತರ: ಖಂಡಿತ ಬೇಡ. ಕೇಬಲ್ ಕಳಚಿ ಹಾಕುವ ಎಸ್‌ಎಂಪಿಎಸ್‌ಗಳಲ್ಲಿ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆಗೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಕನೆಕ್ಟರ್ ಕೂತರೂ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಹಾರ್ಡ್‌ಡಿಸ್ಕೋ ಬೋರ್ಡೋ ಸುಡಬಹುದು. ಡಬ್ಬಿಯಲ್ಲಿ ಬಂದ ಕೇಬಲ್‌ಗಳನ್ನೇ ಬಳಸಿ. ಎಸ್‌ಎಂಪಿಎಸ್ ಕೆಟ್ಟಿದೆ ಎನಿಸಿದರೂ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು, ಜೀವಕ್ಕೆ ಅಪಾಯ. ಬಿಲ್ಲಿನ ಜೊತೆ ಅಂಗಡಿಗೆ ಕೊಂಡೊಯ್ದು, ನೀವು ಏನೇನು ಪರೀಕ್ಷಿಸಿದಿರಿ ಎಂಬುದನ್ನು ಬರೆದುಕೊಡಿ. ವಾರಂಟಿ ಕೇಳುವಾಗ ಅದು ನೆರವಾಗುತ್ತದೆ.